ಥೀಸಿಸ್‌ನ ಮೊದಲ ಆರು ವಾರ

(ಬಿ.ಆರ್ಕ್, ಅಂದರೆ ವಾಸ್ತುಶಿಲ್ಪ ಪದವಿಯ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ಬಹಳಷ್ಟು ಜನ ಕೊನೆಯ ವರ್ಷದ ವಿನ್ಯಾಸ ಯೋಜನೆಯಾದ ಥೀಸಿಸ್‌ಗೆ ವಿಷಯ ಸಿಕ್ಕಿಬಿಟ್ಟಿದೆ ಅಂದುಕೊಂಡು ಇಲ್ಲಿ ಕೂತಿದ್ದೀರಿ. ಏನಪ್ಪಾ ವಿಷಯ ಅಂದರೆ ಕ್ಯಾನ್ಸರ್ ಆಸ್ಪತ್ರೆ, ಕರಕುಶಲ ಗ್ರಾಮ, ಧ್ಯಾನ ಕೇಂದ್ರ, ಹಂಪಿಯಲ್ಲಿ ಪ್ರವಾಸಿ ಕೇಂದ್ರ. ಕೆಲವರು ಸಂಸ್ಕೃತದಲ್ಲಿ ಒಂದು ಹೆಸರನ್ನೂ ಹುಡುಕಿಟ್ಟಿದ್ದೀರಿ. ಸೈಟ್ ಇನ್ನೂ ಗೊತ್ತಾಗಿಲ್ಲ, ನಾಮಕರಣ ಮಾತ್ರ ಮುಗಿದಿದೆ. ನೀವು ಹೇಳಿದ್ದೆಲ್ಲ ಕಟ್ಟಡದ ಬಗೆ. ಅದರೊಳಗೆ ಉತ್ತರ ಹುಡುಕಬೇಕಾದ ಒಂದು ಪ್ರಶ್ನೆ ಬೇಕು. ಟೇಪು, ಗಡಿಯಾರ, ತಕ್ಕಡಿ ಹಿಡಿದುಕೊಂಡು ಹೋಗಿ ಅಳೆಯಲು ಬರುವಂಥ ಪ್ರಶ್ನೆಯಾದರೆ ಇನ್ನೂ ಒಳ್ಳೆಯದು. ಅಂಥ ಪ್ರಶ್ನೆ ಕೈಗೆ ಸಿಕ್ಕಿದವರಿಗೆ ಹದಿನಾರು ವಾರ ಸಾಕಾಗುತ್ತದೆ. ಸಿಗದವರಿಗೆ ಒಂದು ವರ್ಷ ಕೊಟ್ಟರೂ ಕೊನೆಯ ವಾರದಲ್ಲಿ ಮೂರ್ನಾಲ್ಕು ರೆಂಡರ್ (ಕಂಪ್ಯೂಟರ್ ಚಿತ್ರ) ಮಾತ್ರ ಉಳಿಯುತ್ತವೆ.

ಮಾತು ಗಾಳಿಯಲ್ಲಿ ಹೋಗಬಾರದು, ಆದ್ದರಿಂದ ಒಂದೇ ಉದಾಹರಣೆ ಹಿಡಿದು ಕೊನೆಯವರೆಗೂ ಹೋಗೋಣ. ರೇಷ್ಮೆ ಗೂಡಿನ ಮಾರುಕಟ್ಟೆ. ರಾಮನಗರದಲ್ಲಿದೆ, ಶಿಡ್ಲಘಟ್ಟದಲ್ಲಿದೆ, ನಿಮ್ಮಲ್ಲಿ ಆ ಕಡೆಯವರೂ ಇರಬಹುದು. ಕರ್ನಾಟಕದಲ್ಲಿ ಗೂಡಿನ ಮಾರಾಟಕ್ಕೆ 1959ರ ಕಾಯ್ದೆಯೇ ಇದೆ. ಅದರಂತೆ ಸರ್ಕಾರಿ ಮಾರುಕಟ್ಟೆಗಳಲ್ಲಿ ಹರಾಜಾಗುತ್ತದೆ. ರೈತರು ಗೂಡು ತರುತ್ತಾರೆ, ರೀಲರುಗಳು (ಗೂಡಿನಿಂದ ನೂಲು ಬಿಚ್ಚುವವರು) ಕೊಳ್ಳುತ್ತಾರೆ. ಈಗ ಇ-ಹರಾಜು ಬಂದಿದೆ.

"ಶಿಡ್ಲಘಟ್ಟದಲ್ಲಿ ಆಧುನಿಕ ಗೂಡಿನ ಮಾರುಕಟ್ಟೆ" ಎಂದು ಯೋಜನೆಯ ಸಾರಾಂಶವಾದ ಸಿನಾಪ್ಸಿಸ್‌ಗೆ ತಲೆಬರಹ ಕೊಟ್ಟರೆ ಏನೂ ಹೇಳಿದಂತಾಗಲಿಲ್ಲ. ಗೂಡಿನೊಳಗೆ ಏನಿದೆ ಅಂತ ಒಂದು ಸಲ ಯೋಚನೆ ಮಾಡಿ. ಜೀವಂತ ಪ್ಯೂಪಾ (ಚಿಟ್ಟೆಯಾಗುವ ಮೊದಲಿನ ಹುಳು) ಇದೆ. ಅದು ಉಸಿರಾಡುತ್ತದೆ, ತೇವ ಬಿಡುತ್ತದೆ. ಗೂಡನ್ನು ದಪ್ಪಗೆ ರಾಶಿ ಹಾಕಿ ಗಾಳಿ ಆಡದಂತೆ ಬಿಟ್ಟರೆ ಒಳಗೆ ಬಿಸಿ ಏರುತ್ತದೆ, ನೂಲು ಬಿಚ್ಚುವಾಗ ಎಳೆ ಕಡಿಯುತ್ತದೆ, ದರ ಬೀಳುತ್ತದೆ. ಹುಳು ಗೂಡು ಕಟ್ಟಿದ ಸುಮಾರು ಹತ್ತು-ಹನ್ನೆರಡು ದಿನಕ್ಕೆ ಚಿಟ್ಟೆ ತೂತು ಕೊರೆದು ಹೊರಗೆ ಬರುತ್ತದೆ, ಅಷ್ಟರೊಳಗೆ ಕೊಯ್ಲು, ಸಾಗಣೆ, ಮಾರಾಟ ಎಲ್ಲ ಮುಗಿಯಬೇಕು. ಇನ್ನು ರೀಲರು ಗೂಡನ್ನು ಕೈಯಲ್ಲಿ ಹಿಡಿದು, ಅಲ್ಲಾಡಿಸಿ, ಬಣ್ಣ ಮತ್ತು ಕಲೆ ನೋಡಿ ಬೆಲೆ ಕಟ್ಟುತ್ತಾನೆ. ಅವನಿಗೆ ಬೇಕಾದದ್ದು ಸಮನಾದ ಬೆಳಕು. ಚಾವಣಿಗೆ ಹಸಿರು ಫೈಬರ್ ಶೀಟ್ ಹೊದಿಸಿದ ಹಾಲ್‌ನಲ್ಲಿ ಬಿಳಿ ದ್ವಿತಳಿ ಗೂಡೂ ಹಸಿರಾಗಿ ಕಾಣುತ್ತದೆ.

ಈಗ ಪ್ರಶ್ನೆ ತಾನಾಗಿ ಹುಟ್ಟಿತು: ಯಂತ್ರದ ತಂಪು ಇಲ್ಲದೆ, ಗೂಡಿನ ಮೇಲೆ ನೇರ ಬಿಸಿಲು ಬೀಳದಂತೆ, ಬಣ್ಣ ಕೆಡದ ಬೆಳಕಿನಲ್ಲಿ ದಿನಕ್ಕೆ ಇಷ್ಟು ಟನ್ ಗೂಡು ಹರಾಜಾಗುವ ಹಾಲ್ ಯಾವ ಆಕಾರದ್ದಾಗಿರಬೇಕು? ಇದರಲ್ಲಿ ಉಷ್ಣತೆ ಅಳೆಯಬಹುದು, ಬೆಳಕನ್ನು ಲಕ್ಸ್ ಮೀಟರ್‌ನಲ್ಲಿ ಹಿಡಿಯಬಹುದು, ಗೂಡನ್ನು ತೂಗಬಹುದು. ಜ್ಯೂರಿಯಲ್ಲಿ (ಯೋಜನೆ ಪರಿಶೀಲಿಸುವವರ ಮುಂದೆ) ಯಾರಾದರೂ "ಈ ರೂಫ್ ಯಾಕೆ ಹೀಗಿದೆ?" ಅಂದರೆ ಉತ್ತರ ನಿಮ್ಮ ಹತ್ತಿರ ಇರುತ್ತದೆ.

ಇಲ್ಲೇ ಒಂದು ಅಡ್ಡಮಾತು. ಕೈಗಾರಿಕಾ ಕಟ್ಟಡಕ್ಕೆ ನಾರ್ತ್‌ಲೈಟ್ ರೂಫ್, ಅಂದರೆ ಉತ್ತರದ ಕಡೆಗೆ ಗಾಜಿರುವ ಚಾವಣಿ, ಹಾಕಬೇಕು ಅಂತ ಪುಸ್ತಕದಲ್ಲಿ ಓದಿರುತ್ತೀರಿ, ತಕ್ಷಣ ಗರಗಸದ ಹಲ್ಲಿನಂತೆ ಸೆಕ್ಷನ್ (ಕಟ್ಟಡ ಸೀಳಿ ತೋರಿಸುವ ನಕ್ಷೆ) ಬರೆದುಬಿಡುತ್ತೀರಿ. ಆ ಪುಸ್ತಕ ಬರೆದವರು ಕರ್ಕಾಟಕ ವೃತ್ತಕ್ಕಿಂತ ಉತ್ತರದ ದೇಶಗಳವರು. ಶಿಡ್ಲಘಟ್ಟ ಇರುವುದು ಹದಿಮೂರು ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಜೂನ್ 21ಕ್ಕೆ ನೆತ್ತಿಯಿಂದ ಸುಮಾರು 10 ಡಿಗ್ರಿ ಉತ್ತರಕ್ಕೆ. ಅಂದರೆ ಉತ್ತರದ ಗಾಜಿನಿಂದಲೂ ಬಿಸಿಲು ಒಳಗೆ ಬರುತ್ತದೆ. ಮಧ್ಯಾಹ್ನದ ಬಿಸಿಲು ತಡೆಯುವುದು ಸುಲಭ, ಎರಡು ಮೀಟರ್ ಎತ್ತರದ ಗಾಜಿಗೆ ನಲವತ್ತು ಸೆಂಟಿಮೀಟರ್ ಸಜ್ಜಾ ಸಾಕು. ಕಷ್ಟ ಇರುವುದು ಬೆಳಿಗ್ಗೆ, ಸಂಜೆ. ಸೂರ್ಯ ಈಶಾನ್ಯ, ವಾಯವ್ಯದಲ್ಲಿ ಕೆಳಗೆ ಇರುವಾಗ ಸಜ್ಜಾ ಉಪಯೋಗಕ್ಕೆ ಬರುವುದಿಲ್ಲ, ನಿಲುವು ಪಟ್ಟಿಗಳೇ ಬೇಕು. ಹರಾಜು ನಡೆಯುವ ಹೊತ್ತು ಯಾವುದು ಎಂಬುದು ಮೊದಲು ಗೊತ್ತಾದರೆ ಯಾವ ಬಿಸಿಲನ್ನು ತಡೆಯಬೇಕು ಎಂಬುದೂ ಗೊತ್ತಾಗುತ್ತದೆ. ಸರಿ, ಮುಂದಕ್ಕೆ.

ಪ್ರಶ್ನೆ ಆದ ಮೇಲೆ ಗಾತ್ರ. ಏರಿಯಾ ಪ್ರೋಗ್ರಾಂ (ಯಾವುದಕ್ಕೆ ಎಷ್ಟು ಜಾಗ ಎಂಬ ಪಟ್ಟಿ) ಅಂದರೆ ನೀವು ಮಾಡುವುದೇನು? ಸೀನಿಯರ್ ಕೊಟ್ಟ ಎಕ್ಸೆಲ್ ಶೀಟ್ ತೆರೆದು, ರಿಸೆಪ್ಷನ್ 50, ಕೆಫೆಟೇರಿಯಾ 300, ಆಂಫಿಥಿಯೇಟರ್ ಒಂದು ಅಂತ ತುಂಬಿ, ಕೊನೆಗೆ ಶೇಕಡಾ 30 ಸರ್ಕ್ಯುಲೇಷನ್ (ಓಡಾಟದ ಜಾಗ) ಸೇರಿಸುವುದು. ಗೂಡಿನ ಮಾರುಕಟ್ಟೆಗೆ ಆಂಫಿಥಿಯೇಟರ್ ಯಾಕೆ ಬೇಕು ಅಂತ ಯಾರೂ ಕೇಳುವುದಿಲ್ಲ, ಅದು ಎಲ್ಲ ಥೀಸಿಸ್‌ಗಳಲ್ಲೂ ಇರುತ್ತದೆ.

ಲೆಕ್ಕವನ್ನು ಗೂಡಿನಿಂದ ಶುರು ಮಾಡಿ. ಅಂಕಿಗಳು ಉದಾಹರಣೆಗೆ ಮಾತ್ರ, ನಿಜವಾದವನ್ನು ನೀವೇ ಹೋಗಿ ತರಬೇಕು. ಆವಕ ಹೆಚ್ಚಿರುವ ದಿನ 20 ಟನ್ ಬರುತ್ತದೆ ಎಂದಿಟ್ಟುಕೊಳ್ಳಿ. ಒಂದು ಲಾಟ್ (ಒಟ್ಟಿಗೆ ಹರಾಜಾಗುವ ಗೂಡಿನ ರಾಶಿ) ಸರಾಸರಿ 50 ಕಿಲೋ ಆದರೆ 400 ಲಾಟ್. ಗೂಡನ್ನು ಅಂಗೈಯಗಲದ ದಪ್ಪಕ್ಕಿಂತ ಹೆಚ್ಚು ಹರಡದಿದ್ದರೆ ಒಂದು ಲಾಟ್‌ಗೆ 3 ಚದರ ಮೀಟರ್ ಬೇಕಾಯಿತು ಅಂತ ಅಳೆದು ಬಂದಿದ್ದೀರಿ. ಅಲ್ಲಿಗೆ ಬರೀ ತಟ್ಟೆಗಳೇ 1,200 ಚದರ ಮೀಟರ್. ಪ್ರತಿ ಸಾಲಿನ ಪಕ್ಕ ರೀಲರು ಬಗ್ಗಿ ನೋಡಬೇಕು, ಹಿಂದೆ ಇನ್ನೊಬ್ಬ ದಾಟಬೇಕು, ತೂಕದ ಗಾಡಿ ಹೋಗಬೇಕು. ಓಡಾಟಕ್ಕೆ ತಟ್ಟೆಯಷ್ಟೇ ಜಾಗ ಹಿಡಿಯುತ್ತದೆ. ಹಾಲ್ 2,400 ಚದರ ಮೀಟರ್ ಆಯಿತು. ಶೇಕಡಾ 30 ಅಂತ ಕಣ್ಣು ಮುಚ್ಚಿ ಹಾಕಿದ್ದರೆ 1,560ಕ್ಕೆ ನಿಲ್ಲುತ್ತಿತ್ತು, ಹರಾಜಿನ ದಿನ ಜನ ತಟ್ಟೆಯ ಮೇಲೆ ನಡೆಯಬೇಕಾಗುತ್ತಿತ್ತು.

ಇನ್ನು ಗಾಡಿಗಳು. ಒಂದು ಟೆಂಪೊದಲ್ಲಿ ಎರಡು ಲಾಟ್ ಬಂದರೆ 200 ಟೆಂಪೊ. ಹರಾಜು ಮುಗಿಯುವವರೆಗೆ ಬಹುಪಾಲು ಅಲ್ಲೇ ನಿಂತಿರುತ್ತವೆ. ಒಂದೊಂದಕ್ಕೆ ತಿರುಗುವ ಜಾಗವೂ ಸೇರಿ 30 ಚದರ ಮೀಟರ್ ಹಿಡಿದರೆ 6,000. ನೋಡಿದಿರಾ, ಹಾಲ್‌ನ ಎರಡೂವರೆ ಪಟ್ಟು. ಈ ಲೆಕ್ಕ ಮಾಡಿದ ದಿನವೇ ನಿಮ್ಮ ಥೀಸಿಸ್ ಬದಲಾಗುತ್ತದೆ, ಅರ್ಧ ಯೋಜನೆ ಅಂಗಳದ್ದೇ ಅಂತ ಗೊತ್ತಾಗುತ್ತದೆ. ಟೆಂಪೊ ಒಳಗೆ ಬರುವ ದಾರಿ, ಗೂಡು ಕೊಂಡ ರೀಲರ ಗಾಡಿ ಹೊರಗೆ ಹೋಗುವ ದಾರಿ ಒಂದಕ್ಕೊಂದು ಅಡ್ಡ ಬಂದರೆ ಮಾರುಕಟ್ಟೆ ಗೇಟಿನಲ್ಲೇ ಕಟ್ಟಿಕೊಳ್ಳುತ್ತದೆ. ದೂರದಿಂದ ಹಿಂದಿನ ರಾತ್ರಿಯೇ ಹೊರಟು ಬರುವ ರೈತ ಎಲ್ಲಿ ಮಲಗುತ್ತಾನೆ, ಎಲ್ಲಿ ಮುಖ ತೊಳೆಯುತ್ತಾನೆ ಎಂಬುದು ಏರಿಯಾ ಪ್ರೋಗ್ರಾಂನಲ್ಲಿ ಬರಬೇಕಾದ ವಿಷಯ. ಎಕ್ಸೆಲ್ ಶೀಟ್‌ನಲ್ಲಿ ಅದಕ್ಕೆ ಸಾಲು ಇರುವುದಿಲ್ಲ, ನೀವೇ ಸೇರಿಸಬೇಕು. ಹಾಲ್‌ಗೆ 900 ಮಿಲಿಮೀಟರ್ ಎತ್ತರದ ಇಳಿಸುವ ಕಟ್ಟೆ ಕೊಟ್ಟರೆ 1:12ರ ರ‍್ಯಾಂಪ್ 10.8 ಮೀಟರ್ ಉದ್ದ ಬೇಕು, ನಡುವಿನ ನಿಲುಗಡೆ ಬೇರೆ. ಅದಕ್ಕೆ ಜಾಗ ಬಿಡದೆ ಕೊನೆಯಲ್ಲಿ 1:6 ಬರೆದು ತೋರಿಸುವವರನ್ನು ಪ್ರತಿ ಜ್ಯೂರಿಯಲ್ಲೂ ನೋಡಬಹುದು.

ಒಟ್ಟು ಗಾತ್ರ ಎಷ್ಟಿರಬೇಕು ಅಂತ ಕೇಳುತ್ತೀರಿ. ಒಬ್ಬ ವಿದ್ಯಾರ್ಥಿ ಒಂದು ಸೆಮಿಸ್ಟರ್‌ನಲ್ಲಿ ಮೆಟ್ಟಿಲಿನಿಂದ ಶೌಚಾಲಯದವರೆಗೆ ಸರಿಯಾಗಿ ಬಿಡಿಸಬಹುದಾದದ್ದು ಎಂಟರಿಂದ ಹನ್ನೆರಡು ಸಾವಿರ ಚದರ ಮೀಟರ್, ಅದಕ್ಕಿಂತ ಹೆಚ್ಚಲ್ಲ ಎಂಬುದು ನನ್ನ ಅಂದಾಜು. ಆಸ್ಪತ್ರೆ ತೆಗೆದುಕೊಂಡವರು ಹಾಸಿಗೆಗೆ 80 ಚದರ ಮೀಟರ್ ಹಿಡಿದು ಗುಣಿಸಿ ನೋಡಿ. 300 ಹಾಸಿಗೆಗೆ 24,000. ಆಗುವುದಿಲ್ಲ. ನೂರು ಹಾಸಿಗೆಯ ತಾಯಿ-ಮಕ್ಕಳ ಆಸ್ಪತ್ರೆಗೆ ಇಳಿಸಿ. ಎತ್ತರದ ವಿಷಯಕ್ಕೆ ಬಂದರೆ, ರಾಷ್ಟ್ರೀಯ ಕಟ್ಟಡ ಸಂಹಿತೆ 2016ರಂತೆ 15 ಮೀಟರ್ ಮುಟ್ಟಿದರೆ ಅದು ಎತ್ತರದ ಕಟ್ಟಡ. ಅಗ್ನಿಸುರಕ್ಷೆಯ ನಿಯಮಗಳ ಮೂಟೆಯೇ ಜೊತೆಗೆ ಬರುತ್ತದೆ. ನಿಮ್ಮ ಪ್ರಶ್ನೆಗೆ ಎತ್ತರ ಬೇಕಾಗಿಲ್ಲದಿದ್ದರೆ ಅದರ ಕೆಳಗೇ ಇರಿ.

ಈಗ ಸೈಟ್. ಹೆಚ್ಚು ಜನ ಮುಗ್ಗರಿಸುವುದು ಇಲ್ಲೇ, ಹಾಗಾಗಿ ಸ್ವಲ್ಪ ಹೊತ್ತು ಇದರ ಮೇಲೆ ನಿಲ್ಲುತ್ತೇನೆ.

ಗೂಗಲ್ ಅರ್ಥ್ ತೆರೆದು ಖಾಲಿ ಕಂಡ ಜಾಗಕ್ಕೆ ಹಳದಿ ಗೆರೆ ಎಳೆಯುವುದು ಸೈಟ್ ಆಯ್ಕೆಯಲ್ಲ. ಆ ಖಾಲಿ ಜಾಗ ಕೆರೆಯಂಗಳ ಇರಬಹುದು, ಗೋಮಾಳ ಇರಬಹುದು, ನಾಲ್ಕು ಜನ ಅಣ್ಣತಮ್ಮಂದಿರ ಪಾಲಿನದ್ದಿರಬಹುದು. ಮೊದಲು ಭೂದಾಖಲೆ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ. ಅದನ್ನು ಹಿಡಿದು ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆಯಿರಿ. ಗ್ರಾಮ ನಕಾಶೆಯನ್ನೂ ಜೊತೆಗಿಟ್ಟುಕೊಳ್ಳಿ. ಪಹಣಿಯಲ್ಲಿ ವಿಸ್ತೀರ್ಣ 2-20 ಅಂತ ಇದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ ನಲವತ್ತು ಗುಂಟೆ, ಅಂದರೆ ಎರಡೂವರೆ ಎಕರೆ, ಸುಮಾರು 10,117 ಚದರ ಮೀಟರ್. ಕ್ಯಾಲ್ಕುಲೇಟರ್‌ಗೆ 2.20 ಅಂತ ಒತ್ತಿ 8,903 ಮಾಡಿಕೊಳ್ಳುವವರು ಇದ್ದಾರೆ. ಹನ್ನೆರಡು ಗುಂಟೆ ಹೋಯಿತು. ನಗುತ್ತಿದ್ದೀರಿ, ಆದರೆ ಎಫ್‌ಎಆರ್ (ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ) ಲೆಕ್ಕವೆಲ್ಲ ಅದರ ಮೇಲೆಯೇ ಕೂರುತ್ತದೆ. ಅದೇ ಪಹಣಿಯಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಕಾಲಂ ನೋಡಿ. 'ಬ' ಖರಾಬು ಎಂದಿದ್ದರೆ ಅದು ಸಾರ್ವಜನಿಕರ ದಾರಿ, ಹಳ್ಳ, ಇಂಥದ್ದು. ಅದರ ಮೇಲೆ ಕಟ್ಟುವ ಹಾಗಿಲ್ಲ. ಹಳೆಯ ಬಂಡಿಜಾಡು ನಿಮ್ಮ ಸೈಟಿನ ನಡುವೆ ಹಾದುಹೋಗಿದ್ದರೆ ಅದನ್ನು ಇಟ್ಟುಕೊಂಡೇ ವಿನ್ಯಾಸ ಮಾಡಿ, ಚೆನ್ನಾಗಿಯೇ ಬರುತ್ತದೆ.

ಆಮೇಲೆ ನಿಯಮಗಳು. ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. 1958ರ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಇದು. ಹಂಪಿ ಅಂದವರು ದಯವಿಟ್ಟು ಮೊದಲು ಕೈವಾರ ಹಿಡಿದು ನಕ್ಷೆಯ ಮೇಲೆ ಈ ಎರಡು ವೃತ್ತ ಹಾಕಿ, ಆಮೇಲೆ ಮಾತಾಡೋಣ. ಅಲ್ಲಿ ವಿಶ್ವ ಪರಂಪರಾ ಪ್ರದೇಶದ ಪ್ರಾಧಿಕಾರದ ನಿಯಮ ಬೇರೆ ಇದೆ. ಮಲ್ಪೆ, ಗೋಕರ್ಣದ ಕಡೆಯವರಿಗೆ ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ. ಗ್ರಾಮೀಣ ತೀರದಲ್ಲಿ ಉಬ್ಬರದ ಗೆರೆಯಿಂದ ಎಷ್ಟು ದೂರ ಕಟ್ಟುವಂತಿಲ್ಲ ಎಂಬುದು ಜನಸಾಂದ್ರತೆ ನೋಡಿ 50 ಮೀಟರ್ ಅಥವಾ 200 ಮೀಟರ್ ಆಗುತ್ತದೆ. ಬೆಂಗಳೂರಿನ ಕೆರೆ ದಂಡೆ ಆಯ್ದುಕೊಂಡವರಿಗೆ ಇನ್ನೊಂದು ಪಾಠ: 2015ರ ಮಹಾಯೋಜನೆಯಲ್ಲಿ ಕೆರೆಗೆ 30 ಮೀಟರ್ ಬಫರ್ (ಕಟ್ಟಬಾರದ ಅಂಚು) ಇತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ 75 ಅಂದಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಸೀನಿಯರ್ ರಿಪೋರ್ಟ್‌ನಿಂದ ಬಫರ್ ನಕಲು ಮಾಡಿದರೆ ಅದು ಯಾವ ವರ್ಷದ ನಿಯಮ ಎಂಬುದೇ ನಿಮಗೆ ಗೊತ್ತಿರುವುದಿಲ್ಲ. ಪ್ರತಿ ನಿಯಮದ ಪಕ್ಕ ಅದರ ವರ್ಷ, ನೀವು ನೋಡಿದ ತಾರೀಖು ಬರೆದಿಡಿ.

ಇನ್ನು ಏರಿಳಿತ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಉಪಗ್ರಹದ ಎತ್ತರದ ಮಾಹಿತಿ ಸಾಮಾನ್ಯವಾಗಿ ಸುಮಾರು 30 ಮೀಟರ್‌ಗೆ ಒಂದು ಬಿಂದು. ಐದು ಎಕರೆ ಚೌಕದ ಸೈಟ್ ಒಂದು ಪಕ್ಕ 142 ಮೀಟರ್ ಇರುತ್ತದೆ. ಇಡೀ ಸೈಟಿಗೆ ಇಪ್ಪತ್ತು, ಇಪ್ಪತ್ತೈದು ಬಿಂದು ಸಿಕ್ಕಿತು. ಅದರಲ್ಲೂ ಮೀಟರುಗಟ್ಟಲೆ ತಪ್ಪು, ಮರದ ತಲೆಯನ್ನೇ ನೆಲ ಅಂದುಕೊಂಡಿರುತ್ತದೆ. ತಂತ್ರಾಂಶ ಮಾತ್ರ ನಾಚಿಕೆಯಿಲ್ಲದೆ ಅರ್ಧ ಮೀಟರ್ ಅಂತರದ ಕಾಂಟೂರ್ (ಸಮ ಎತ್ತರದ ಗೆರೆ) ಎಳೆದುಕೊಡುತ್ತದೆ, ನೀವು ಅದರ ಮೇಲೆ ಮೆಟ್ಟಿಲು ಕೂರಿಸುತ್ತೀರಿ. ಕಾಲೇಜಿನ ಸರ್ವೆ ಲ್ಯಾಬ್‌ನಿಂದ ಆಟೋ ಲೆವೆಲ್ (ನೆಲದ ಎತ್ತರ ಅಳೆಯುವ ಉಪಕರಣ) ತೆಗೆದುಕೊಂಡು ಹೋಗಿ. 20 ಮೀಟರ್‌ಗೊಂದು ಬಿಂದು ಇಟ್ಟರೆ ಎಂಟಕ್ಕೆ ಎಂಟು, ಅರವತ್ನಾಲ್ಕು ರೀಡಿಂಗ್. ಇಬ್ಬರಿದ್ದರೆ ಒಂದು ದಿನದ ಕೆಲಸ. ಉಪಕರಣ ಸಿಗದಿದ್ದರೆ ಮೇಸ್ತ್ರಿಗಳು ಬಳಸುವ ನೀರಿನ ಪೈಪಿನ ಟ್ಯೂಬ್ ಲೆವೆಲ್ ಸಾಕು. ಕಟ್ಟಡ ಕೂರುವ ಕಡೆ ನಾಲ್ಕು ಸೆಕ್ಷನ್ ತಂದರೂ ಉಪಗ್ರಹಕ್ಕಿಂತ ಮೇಲು.

ಸೈಟಿಗೆ ಭಾನುವಾರ ಮಧ್ಯಾಹ್ನ ಹೋಗಿ ಸೆಲ್ಫಿ ತೆಗೆದು ಬಂದರೆ ಆಗುವುದಿಲ್ಲ. ಕಟ್ಟಡ ಕೆಲಸ ಮಾಡುವ ಹೊತ್ತಿಗೇ ಹೋಗಬೇಕು. ರಸ್ತೆಯ ಅಗಲವನ್ನು ಟೇಪಿನಲ್ಲಿ ಅಳೆಯಿರಿ. ಎಫ್‌ಎಆರ್ ರಸ್ತೆ ಅಗಲದ ಮೇಲೆ ನಿಂತಿರುತ್ತದೆ, ಅಗ್ನಿಶಾಮಕ ವಾಹನಕ್ಕೆ ಕಟ್ಟಡದ ಸುತ್ತ 6 ಮೀಟರ್ ಬೇಕು. ಮೇಲೆ ಹೈ ಟೆನ್ಷನ್ ಲೈನ್ ಇದೆಯೇ, ಮಳೆನೀರು ಯಾವ ಕಡೆ ಹರಿದ ಗುರುತಿದೆ, ಪಕ್ಕದವರ ಕೊಳವೆಬಾವಿ ಎಷ್ಟು ಆಳ, ಇವನ್ನೆಲ್ಲ ಅಲ್ಲಿ ದನ ಕಾಯುವವರನ್ನು ಕೇಳಿದರೆ ಹತ್ತು ನಿಮಿಷದಲ್ಲಿ ಹೇಳುತ್ತಾರೆ. ಮಳೆಯ ಅಂಕಿಅಂಶಕ್ಕೆ ಜಿಲ್ಲೆಯ ಸರಾಸರಿ ಸಾಲದು, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹತ್ತಿರ ಹೋಬಳಿ ಮಟ್ಟದ್ದೇ ಇದೆ.

ಕೇಸ್ ಸ್ಟಡಿ ಬಗ್ಗೆ ಎರಡು ಮಾತು. ಗೂಡಿನ ಮಾರುಕಟ್ಟೆಗೆ ಬೇರೆ ಗೂಡಿನ ಮಾರುಕಟ್ಟೆಗಳನ್ನೇ ನೋಡಬೇಕೆಂದಿಲ್ಲ. ಒಂದನ್ನು ನೋಡಿ, ಆಮೇಲೆ ಅದೇ ಕ್ರಿಯೆ ನಡೆಯುವ ಬೇರೆ ಜಾಗ ಹುಡುಕಿ. ಬೇಗ ಕೆಡುವ ಮಾಲು, ಕಡಿಮೆ ಹೊತ್ತಿನ ಹರಾಜು, ಮುಂಜಾನೆಯ ಗಾಡಿ ದಟ್ಟಣೆ ಇವು ಮಲ್ಪೆಯ ಮೀನು ಹರಾಜಿನಲ್ಲೂ ಇವೆ. ಲಾರಿ ಇಳಿಸುವ ಕಟ್ಟೆ ನೋಡಲು ಯಶವಂತಪುರದ ಎಪಿಎಂಸಿ ಇದೆ. ಕೂತು ಓದುವುದಕ್ಕೆ ನೆದರ್ಲೆಂಡ್ಸ್‌ನ ಆಲ್ಸ್‌ಮೀರ್ ಹೂವಿನ ಹರಾಜು. ವಾಸ್ತುಶಿಲ್ಪಿ ದೋಶಿಯವರು ವಿನ್ಯಾಸ ಮಾಡಿದ ಐಐಎಂ ಬೆಂಗಳೂರಿನ ಕಾರಿಡಾರುಗಳು ಅದ್ಭುತವೇ, ಆದರೆ ಅವು ನಿಮ್ಮ ಪ್ರಶ್ನೆಗೆ ಏನು ಹೇಳುತ್ತವೆ ಅಂತ ಒಂದು ವಾಕ್ಯದಲ್ಲಿ ಬರೆಯಲು ಆಗದಿದ್ದರೆ ರಿಪೋರ್ಟ್‌ನಲ್ಲಿ ಹಾಕಬೇಡಿ. ಹೋದಲ್ಲಿ ಫೋಟೊ ಕಡಿಮೆ ತೆಗೆಯಿರಿ, ಎಣಿಕೆ ಹೆಚ್ಚು ಮಾಡಿ: ಹದಿನೈದು ನಿಮಿಷಕ್ಕೆ ಎಷ್ಟು ಗಾಡಿ ಗೇಟು ದಾಟಿದವು, ಒಂದು ಲಾಟ್ ಇಳಿಸಿ ತೂಗಲು ಎಷ್ಟು ನಿಮಿಷ, ಜನ ಎಲ್ಲಿ ಗುಂಪುಗೂಡುತ್ತಾರೆ. ಕಾಲೇಜಿನ ಪತ್ರ ಇಲ್ಲದೆ ಸರ್ಕಾರಿ ಕಚೇರಿ, ಆಸ್ಪತ್ರೆ, ಬಂದರುಗಳಲ್ಲಿ ಒಳಗೆ ಬಿಡುವುದಿಲ್ಲ. ಅನುಮತಿ ಬರಲು ಎರಡು ವಾರವೂ ಹಿಡಿಯಬಹುದು, ಆದ್ದರಿಂದ ವಿಷಯ ಅಂತಿಮವಾದ ದಿನವೇ ಅರ್ಜಿ ಕೊಡಿ.

ಸಿನಾಪ್ಸಿಸ್ ಮೂರು-ನಾಲ್ಕು ಪುಟ ಮೀರಬಾರದು. ಪ್ರಶ್ನೆ, ಯಾಕೆ ಅಲ್ಲೇ, ಸರ್ವೆ ನಂಬರ್ ಮತ್ತು ವಿಸ್ತೀರ್ಣ, ಕರಡು ಏರಿಯಾ, ಏನನ್ನು ಮಾಡುವುದಿಲ್ಲ ಎಂಬುದು. ಕೊನೆಯದನ್ನು ಯಾರೂ ಬರೆಯುವುದಿಲ್ಲ. "ನೂಲು ಬಿಚ್ಚುವ ಘಟಕ ಈ ಯೋಜನೆಯಲ್ಲಿ ಇಲ್ಲ" ಅಂತ ಮೊದಲೇ ಬರೆದಿದ್ದರೆ ಮೂರನೇ ರಿವ್ಯೂನಲ್ಲಿ ಅದನ್ನೂ ಸೇರಿಸಿ ಅನ್ನುವವರಿಗೆ ಉತ್ತರ ಇರುತ್ತದೆ.

ದಿನಚರಿಯನ್ನು ಹಿಂದಿನಿಂದ ಎಣಿಸಿ. ಹದಿನಾರನೇ ವಾರ ಸಲ್ಲಿಕೆ. ಅದರ ಹಿಂದಿನ ಎರಡು ವಾರ ಶೀಟ್, ಮಾದರಿ, ಪ್ರಿಂಟ್. ಎಲ್ಲ ಕಾಲೇಜಿನವರೂ ಅದೇ ವಾರ ಅದೇ ಪ್ಲಾಟರ್ ಅಂಗಡಿಯ ಮುಂದೆ ನಿಂತಿರುತ್ತೀರಿ. ಹನ್ನೆರಡನೇ ವಾರಕ್ಕೆ ಪ್ಲ್ಯಾನು ಮುಟ್ಟುವುದನ್ನು ನಿಲ್ಲಿಸಬೇಕು. ಆರನೇ ವಾರ ಮುಗಿಯುವಾಗ ಪ್ರಶ್ನೆ, ಸೈಟ್, ಏರಿಯಾ ಮೂರೂ ಗಟ್ಟಿಯಾಗಿದ್ದರೆ ವಿನ್ಯಾಸಕ್ಕೆ ಪೂರ್ತಿ ಆರು ವಾರ ಸಿಗುತ್ತದೆ. ಶೀಟಿನ ಲೆಕ್ಕವನ್ನೂ ಈಗಲೇ ಮಾಡಿ: ಆ 142 ಮೀಟರ್ ಸೈಟ್ 1:200ರಲ್ಲಿ 71 ಸೆಂಟಿಮೀಟರ್. ಎ-1 ಹಾಳೆಯ ಗಿಡ್ಡ ಪಕ್ಕ 59.4. ಹಿಡಿಸುವುದಿಲ್ಲ. ಒಂದೋ 1:250, ಇಲ್ಲ ಎ-0. ಕೊನೆಯ ರಾತ್ರಿ ಇದು ಗೊತ್ತಾದವರು 'ಫಿಟ್ ಟು ಪೇಜ್' ಒತ್ತುತ್ತಾರೆ, ಸ್ಕೇಲ್ ಇಟ್ಟು ನೋಡಿದ ಪರೀಕ್ಷಕರಿಗೆ ತೊಂಬತ್ತು ಸೆಂಟಿಮೀಟರ್ ಬಾಗಿಲು ಎಪ್ಪತ್ತೈದೇ ಸಿಗುತ್ತದೆ.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ: ಗೈಡ್ ವಿಷಯವನ್ನೇ ಬದಲಿಸಿ ಅಂದರೆ ಏನು ಮಾಡುವುದು? ಮೂರನೇ ವಾರದೊಳಗೆ ಅಂದರೆ ಕೇಳಿ, ನಷ್ಟವಿಲ್ಲ. ಆರನೇ ವಾರದ ಮೇಲೆ ಅಂದರೆ ವಿಷಯ ಬಿಡಬೇಡಿ, ಪ್ರಶ್ನೆಯನ್ನು ಚಿಕ್ಕದು ಮಾಡಿ. ಬಹುಪಾಲು ಗೈಡ್‌ಗಳು ವಿಷಯ ಬದಲಿಸಿ ಅನ್ನುವುದು ನೀವು ಖಾಲಿ ಕೈಯಲ್ಲಿ ಹೋದಾಗ. ಪ್ರತಿ ಭೇಟಿಗೂ ಪ್ರಿಂಟ್ ತೆಗೆದ ಒಂದು ಡ್ರಾಯಿಂಗ್ ಇರಲಿ, ಲ್ಯಾಪ್‌ಟಾಪ್ ಪರದೆ ಬೇಡ. ಅವರು ಹೇಳಿದ್ದನ್ನು ಅದರ ಮೇಲೆಯೇ ಬರೆದು, ತಾರೀಖು ಹಾಕಿ, ಸಹಿ ತೆಗೆದುಕೊಳ್ಳಿ.

ಇನ್ನೊಬ್ಬರು ಕೇಳುತ್ತಿದ್ದಾರೆ, ಇದರಲ್ಲಿ ಕಲ್ಪನೆಗೆ ಜಾಗ ಎಲ್ಲಿ ಅಂತ. 24 ಮೀಟರ್ ಅಗಲ, 100 ಮೀಟರ್ ಉದ್ದದ ಹಾಲ್‌ಗೆ ನಡುವೆ ಕಂಬ ಇಲ್ಲದೆ, ಬಿಸಿ ಗಾಳಿ ಮೇಲಿನಿಂದ ಹೊರಗೆ ಹೋಗಿ, ಬೆಳಕು ಮಾತ್ರ ಒಳಗೆ ಬರುವಂಥ ಚಾವಣಿ ಬರೆದು ತನ್ನಿ. ಕಲ್ಪನೆ ಇಲ್ಲದೆ ಅದನ್ನು ಹೇಗೆ ಬರೆಯುತ್ತೀರಿ, ನೋಡೋಣ.

ಸೋಮವಾರ ಬರುವಾಗ ಮೂರು ಹಾಳೆ ತನ್ನಿ. ಒಂದರಲ್ಲಿ ಪ್ರಶ್ನೆ, ಎರಡೇ ವಾಕ್ಯ. ಇನ್ನೊಂದರಲ್ಲಿ ಪಹಣಿ ಮತ್ತು ಗ್ರಾಮ ನಕಾಶೆಯ ಪ್ರತಿ. ಮೂರನೆಯದರಲ್ಲಿ ಏರಿಯಾ ಲೆಕ್ಕ, ಪ್ರತಿ ಅಂಕಿಯ ಮುಂದೆ ಅದು ಎಲ್ಲಿಂದ ಬಂತು ಅಂತ ಬರೆದಿರಬೇಕು. ಆಂಫಿಥಿಯೇಟರ್ ಇದ್ದವರು ಕಾರಣ ಸಮೇತ ಬನ್ನಿ.